ಬಾಗಿಲು ಬಡಿಯುವ ತನಕದ ಸಿನಿಮಾ

ವಕ್ಕಲೇರಿಯ ಆ ಬೀದಿಯಲ್ಲಿ ಮುನಿಯಲ್ಲಮ್ಮ ಒಪ್ಪಿದ ಸಿನಿಮಾಗಳು ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟಿದ್ದವು. ಹೊಡೆದಾಟದಲ್ಲಿ ಹೀರೊ ಟೊಮೆಟೊ ಗಾಡಿಯನ್ನು ಉರುಳಿಸಿದರೆ, "ಇವನು ಒಂದು ಸಸಿನಾದ್ರೂ ನೆಟ್ಟಿದಾನೇನೆ?" ಎಂದು ಅಲ್ಲಿಗೇ ಅವನನ್ನು ತಳ್ಳಿಹಾಕುತ್ತಿದ್ದಳು. ಈಗಿನ ಧಾರಾವಾಹಿಗಳ ಅತ್ತೆಯರನ್ನು ಕಂಡರೆ, "ಮಲಗೋವಾಗ್ಲೂ ಕಾಸಿನ ಸರ. ಕತ್ತು ಉಳುಕಲ್ವಾ ಇವಳಿಗೆ?" ಅನ್ನುವಳು. ಬಹಳ ಮೆಚ್ಚಿದರೆ "ಪರವಾಲೇದು", ಪರವಾಗಿಲ್ಲ ಎಂಬ ಒಂದು ತೆಲುಗು ಮಾತು, ಅದಕ್ಕಿಂತ ದೊಡ್ಡ ಹೊಗಳಿಕೆ ಅವಳ ಬಾಯಿಂದ ಬಂದದ್ದಿಲ್ಲ. ಪಕ್ಕದ ಮನೆಯ ಜಹಾನಾರಾಗೆ ಹಾಗಲ್ಲ. ಎಲ್ಲ ಸಿನಿಮಾವೂ ಇಷ್ಟ. ಅಳು ಇದ್ದರೆ ಇನ್ನೂ ಇಷ್ಟ. ಮೂವತ್ತು ವರ್ಷದಿಂದ ಭಾನುವಾರದ ಸಿನಿಮಾಕ್ಕೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತವರು.

ಈ ಭಾನುವಾರ ಮಧ್ಯಾಹ್ನ ಮುನಿಯಲ್ಲಮ್ಮನ ಸೊಸೆ ಅನಿತ ಹೊಸ ಟಿ.ವಿ.ಯಲ್ಲಿ ಏನೇನೋ ಹುಡುಕುತ್ತಿದ್ದವಳು, "ಅತ್ತೆ, ಅಕ್ಕತಂಗೀರ ಕಥೆ ಒಂದು ಹೇಳ್ತಿರ್ತೀರಲ್ಲ, ಕೊನೇಲಿ ಕರೆಂಟ್ ಹೋಯ್ತು ಅಂತ. ಸಿಕ್ತು ನೋಡಿ" ಅಂದಳು.

ಜಹಾನಾರಾ ರಿಮೋಟಿನ ಕಡೆ ಕೈ ಚಾಚಿದಳು. "ಅದ್ಯಾಕಮ್ಮ ಬಿಡು. ಬರೀ ಅಳು."

"ಅಳು ಬೇಡ ಅನ್ನೋಳು ನೀನಾ?" ಮುನಿಯಲ್ಲಮ್ಮ ನಕ್ಕಳು. "ಹಾಕಮ್ಮ ಅನಿತ."

ಬೇಡವೆನ್ನಲು ಜಹಾನಾರಾಗೆ ಕಾರಣವಿತ್ತು. ಒಂದು ಕಾಲಕ್ಕೆ ಬೀದಿಗೆಲ್ಲ ಇದ್ದದ್ದು ಈ ಮನೆಯ ಕಪ್ಪುಬಿಳುಪು ಟಿ.ವಿ. ಒಂದೇ. ಬೆಳಗ್ಗೆ ದೇವರ ಕಥೆ ಬಂದರೆ ಜನ ಚಪ್ಪಲಿ ಹೊರಗೆ ಬಿಟ್ಟು, ಕರ್ಪೂರ ಬೆಳಗಿ ಕೂರುತ್ತಿದ್ದರು. ಜಹಾನಾರಾ ಕೂಡ ತಲೆಗೆ ಸೆರಗು ಹೊದ್ದೇ ಕೂರುತ್ತಿದ್ದಳು. ಯಾರ ದೇವರಾದರೇನು, ದೇವರ ಮುಂದೆ ಕೂರುವ ರೀತಿ ಒಂದೇ. ಸಂಜೆ ಸಿನಿಮಾ. ಅಂಥ ಒಂದು ಭಾನುವಾರ ಬಂದದ್ದು ಇದೇ ಸಿನಿಮಾ. ಅದರ ಕೊನೆಯಲ್ಲಿ, ಮುನಿಸಿಕೊಂಡ ಅಕ್ಕನ ಮನೆಗೆ ತಂಗಿ ಬರುತ್ತಾಳೆ, ಬಾಗಿಲು ಬಡಿಯಲು ಕೈ ಎತ್ತುತ್ತಾಳೆ. ಕರೆಂಟ್ ಹೋಯಿತು. ಜನ ಗೊಣಗಿಕೊಂಡು ಎದ್ದು ಹೋದರು. ಮುನಿಯಲ್ಲಮ್ಮ ಮಾತ್ರ ಏಳಲಿಲ್ಲ.

ಅವಳಿಗೂ ಒಬ್ಬ ಅಕ್ಕ, ಶ್ರೀನಿವಾಸಪುರದ ಅನಸೂಯಮ್ಮ. ತಾಯಿ ತೀರಿಕೊಂಡದ್ದು ಮುನಿಯಲ್ಲಮ್ಮನ ಮನೆಯಲ್ಲಿ. ಹೊತ್ತು ಮುಳುಗುತ್ತದೆಂದು ಹಿರಿಯರು ಅವಸರ ಮಾಡಿ, ಅನಸೂಯಮ್ಮ ಬಸ್ಸಿಳಿಯುವಷ್ಟರಲ್ಲಿ ಮಣ್ಣು ಮಾಡಿದ್ದರು. "ಅಮ್ಮನ ಮುಖ ನೋಡೋಕೂ ಬಿಡದೋಳು ನನ್ನ ತಂಗಿ ಅಲ್ಲ" ಎಂದು ಹೋದವಳು ನಾಲ್ಕು ವರ್ಷ ತಿರುಗಿ ನೋಡಿರಲಿಲ್ಲ.

"ಜಹಾನಾ, ಇದನ್ನ ಕೋಲಾರದ ಟಾಕೀಸಲ್ಲಿ ನೋಡಿದೀನಿ ಅಂದಿದ್ದೆಯಲ್ಲ," ಮಬ್ಬುಗತ್ತಲಲ್ಲಿ ಮುನಿಯಲ್ಲಮ್ಮನ ದನಿ ಬಂತು. "ಅಕ್ಕ ಬಾಗಿಲು ತೆಗೀತಾಳಾ?"

ತೆಗೆಯುವುದಿಲ್ಲ. ತಂಗಿ ಬಡಿದು ಬಡಿದು ಮೆಟ್ಟಿಲ ಮೇಲೆ ಕುಸಿಯುತ್ತಾಳೆ; ಅಲ್ಲಿಗೆ ಸಿನಿಮಾ ಮುಗಿಯುತ್ತದೆ. ಜಹಾನಾರಾಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಆ ದನಿ ಕೇಳಿದ ಮೇಲೆ ನಾಲಿಗೆ ನಿಜದ ಕಡೆ ಹೊರಳಲಿಲ್ಲ.

"ತೆಗೀತಾಳೆ ಮುನಿಯಕ್ಕ. ಅಕ್ಕಿ ತೊಳೀತಾ ಇರ್ತಾಳೆ. ಒದ್ದೆ ಕೈಯಲ್ಲೇ ಓಡಿ ಬಂದು ತಂಗೀನ ತಬ್ಕೊತಾಳೆ."

ಮರುದಿನ ಮುನಿಯಲ್ಲಮ್ಮ ಮೊದಲ ಬಸ್ಸಿಗೇ ಶ್ರೀನಿವಾಸಪುರಕ್ಕೆ ಹೊರಟಳು. ಜಹಾನಾರಾಗೆ ಅಂದು ಹೊಲಿಗೆ ಮಿಷನ್ನಿನ ಮುಂದೆ ಕೂರಲಾಗಲಿಲ್ಲ. ಸುಳ್ಳು ಹೇಳಿ ಒಬ್ಬಳನ್ನು ಬಸ್ಸು ಹತ್ತಿಸಿದೆನಲ್ಲಾ ಎಂದು ನಮಾಜಿನಲ್ಲಿ ಹಣೆ ಊರಿ ಅತ್ತಳು. ಸಂಜೆ ಬಸ್ಸಿಳಿದ ಮುನಿಯಲ್ಲಮ್ಮ, "ತೆಗೆದಳು ಕಣೇ, ಊಟಾನೂ ಹಾಕಿದಳು" ಅಂದ ಮೇಲೆಯೇ ಅವಳಿಗೆ ಉಸಿರು ಬಂದದ್ದು. ಮುಂದೆ ಅನಸೂಯಮ್ಮ ಎಷ್ಟೋ ಸಲ ಈ ಮನೆಗೆ ಬಂದು ಇದೇ ಚಾಪೆಯ ಮೇಲೆ ಕೂತಳು. ಈಗ ಅವಳಿಲ್ಲ. ಅವಳ ಜೊತೆ ತನ್ನ ಸುಳ್ಳೂ ಮಣ್ಣಾಯಿತೆಂದು ಜಹಾನಾರಾ ತಿಳಿದಿದ್ದಳು.

ಸಿನಿಮಾ ಕೊನೆಗೆ ಬಂತು. ಹೊಸ ಟಿ.ವಿ.ಯ ಪರದೆಯ ಮೇಲೆ ತಂಗಿ ಕೈ ಎತ್ತಿದಳು. ಬಡಿದಳು. ಜಹಾನಾರಾ ತಲೆ ತಗ್ಗಿಸಿದಳು. ಇಷ್ಟು ಕಾಲ ತನ್ನನ್ನು ನಂಬಿದವಳು ಇನ್ನು ಯಾವ ಮಾತನ್ನು ನಂಬುತ್ತಾಳೆ? ಬಾಗಿಲು ತೆರೆಯಲಿಲ್ಲ. ತಂಗಿ ಮೆಟ್ಟಿಲ ಮೇಲೆ ಕುಸಿದಳು. 'ಶುಭಂ' ಎಂದು ಬಂತು.

"ಇದೇನತ್ತೆ, ತೆಗೀತಾಳೆ ಅಂತಿದ್ರಿ?" ಅನಿತ ಕೇಳಿದಳು.

"ನಾನೇ ಸುಳ್ಳು ಹೇಳಿದ್ದು," ಜಹಾನಾರಾ ಅಂದಳು. "ಮಾಫ್ ಮಾಡು ಮುನಿಯಕ್ಕ."

ಮುನಿಯಲ್ಲಮ್ಮ ಅವಳ ಕಡೆ ತಿರುಗಿ ಕೂತಳು. "ಅವತ್ತು ನಮ್ಮಕ್ಕನೂ ತೆಗೀಲಿಲ್ಲ ಕಣೇ."

"ಏನಂದೆ?"

"ಒಳಗೇ ಇದ್ಲು. ಬಳೆ ಸದ್ದು ಕೇಳ್ತಿತ್ತು. ಹೊತ್ತಿಳಿಯೋ ತನಕ ಜಗಲಿ ಮೇಲೆ ಕೂತು ಬಂದೆ. ಇಲ್ಲಿ ಬಸ್ಸಿಳಿದ್ರೆ ನೀನು ನಿಂತಿದ್ದೆ, ಹೆರಿಗೆ ವಾರ್ಡಿನ ಮುಂದೆ ನಿಂತೋರ ಥರ ಮುಖ ಮಾಡ್ಕೊಂಡು. ನಿಂಗೆ ಹೆಂಗೆ ಹೇಳ್ಲಿ? ತೆಗೆದಳು ಅಂದೆ."

"ಮತ್ತೆ ಅನಸೂಯಕ್ಕ ಇಲ್ಲಿಗೆ ಬರ್ತಿದ್ರಲ್ಲ?"

"ಮುಂದಿನ ತಿಂಗಳು ಮತ್ತೆ ಹೋದೆ. ಆಗ್ಲೂ ಇಲ್ಲ. ಸಿನಿಮಾದೋಳೇ ತೆಗೆದಿದಾಳಂತೆ, ಒಂದೇ ಹೊಟ್ಟೇಲಿ ಹುಟ್ಟಿದೋಳು ಯಾಕೆ ತೆಗೆಯಲ್ಲ ಅಂತ ನಂಗೂ ಹಟ. ಮೂರನೇ ಸಲ ತೆಗೆದಳು. ಒದ್ದೆ ಕೈಯೂ ಇಲ್ಲ, ಏನೂ ಇಲ್ಲ. 'ಬಿಸಿಲಲ್ಲಿ ಕೂತ್ಕೊಬೇಡ, ಒಳಗೆ ಬಾ' ಅಂದ್ಲು. ಅಷ್ಟೇ."

"ಇಷ್ಟು ವರ್ಷ ನಂಗೊಂದು ಮಾತು ಹೇಳ್ಬಾರ್ದಿತ್ತಾ? ನಾನು ಎಷ್ಟು ಅತ್ತಿದೀನಿ ಗೊತ್ತಾ?"

"ನೀನು ಜಾಹೀರಾತಿಗೂ ಅಳ್ತೀಯ, ಸುಮ್ನಿರೇ."

ಜಹಾನಾರಾ ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು. ಅನಿತ ರಿಮೋಟ್ ಹಿಡಿದು ಇಬ್ಬರನ್ನೂ ನೋಡುತ್ತಿದ್ದಳು. "ಹಾಗಾದ್ರೆ ಸಿನಿಮಾ ಹೇಗಿತ್ತತ್ತೆ?"

"ಏನೂ ಚೆನ್ನಾಗಿಲ್ಲ," ಅಂದಳು ಮುನಿಯಲ್ಲಮ್ಮ. "ಆ ತಂಗಿಗೆ ಅವಸರ ಜಾಸ್ತಿ. ಒಂದೇ ದಿನಕ್ಕೆ ಹಂಗೆ ಕುಸಿದುಬಿಟ್ರೆ? ಇನ್ನೆರಡು ಸಲ ಬಂದು ನೋಡ್ಬೇಕಿತ್ತು."