ಇಳಿಜಾರಿನ ಬೀದಿಯಲ್ಲಿ ನಾನು

ನಾನು ಒಂದು ಸ್ಟ್ರಾಲರ್. ಪುಟ್ಟ ಮಕ್ಕಳನ್ನು ಕೂರಿಸಿ ತಳ್ಳಿಕೊಂಡು ಹೋಗುವ ನಾಲ್ಕು ಚಕ್ರದ ಗಾಡಿ. ಚೀನಾದ ಕಾರ್ಖಾನೆಯೊಂದರಲ್ಲಿ ಅಲ್ಯೂಮಿನಿಯಂ ಕೊಳವೆಗಳನ್ನು ಬಗ್ಗಿಸಿ, ಕಡುನೀಲಿ ಬಟ್ಟೆ ಹೊಲಿದು ನನ್ನನ್ನು ಮಾಡಿದರು. ಕೊನೆಗೆ ಒಬ್ಬ ಹೆಂಗಸು ಮರಳಿನ ಚೀಲವೊಂದನ್ನು ನನ್ನ ಮೇಲಿಟ್ಟು ಹಿಂದಕ್ಕೂ ಮುಂದಕ್ಕೂ ಎಳೆದು ನೋಡಿದಳು. ನಾನು ಹೊತ್ತ ಮೊದಲ ಭಾರ ಅದು.

ಹಡಗಿನಲ್ಲಿ ಐರ್ಲೆಂಡಿನ ಕಾರ್ಕ್ ಊರಿಗೆ ಬಂದೆ. ಆ ಊರಿನಲ್ಲಿ ಸಮತಟ್ಟಾದ ಬೀದಿಗಳು ಕಡಿಮೆ. ಮೊದಲು ಕಿಯರನ್ ಎಂಬ ಹುಡುಗ ಎರಡು ವರ್ಷ ನನ್ನ ಮೇಲೆ ಕೂತು, ಬೆಲ್ಟನ್ನು ಕಚ್ಚಿ ಕಚ್ಚಿ ಹಾಳುಮಾಡಿದ. ಅವನು ನಡೆದಾಡತೊಡಗಿದ ಮೇಲೆ ಅವನ ತಾಯಿ ನನ್ನನ್ನು ತೊಳೆದು ಒಣಗಿಸಿ, ಪಕ್ಕದ ಬಾಡಿಗೆ ಮನೆಗೆ ಆಗಷ್ಟೇ ಬಂದಿದ್ದವರಿಗೆ ಕೊಟ್ಟಳು.

ಅವರು ಗದಗದಿಂದ ಬಂದವರು. ಶಶಿಕಲಾಗೆ ಅಲ್ಲಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಕೆಲಸ ಸಿಕ್ಕಿತ್ತು. ಅವಳ ಗಂಡ ವೀರೇಶ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರನಾಗಿದ್ದ, ಆ ಕೆಲಸ ಬಿಟ್ಟು ಬಂದಿದ್ದ. ಮಗಳು ತುಂಗಾಗೆ ಎರಡು ವರ್ಷ. ಊರಲ್ಲಿ ಬಾಯಿಗೆ ಬಿಡುವಿಲ್ಲದಂತೆ ಮಾತಾಡುತ್ತಿದ್ದಳಂತೆ. ವಿಮಾನ ಇಳಿದ ಮೇಲೆ ಒಂದು ಮಾತನ್ನೂ ಆಡಿರಲಿಲ್ಲ.

ನಾಲ್ಕನೆಯ ದಿನದಿಂದ ಶಶಿಕಲಾ ಡ್ಯೂಟಿಗೆ ಹೋಗತೊಡಗಿದಳು. ವೀರೇಶ ಮಗಳೊಂದಿಗೆ ಮನೆಯಲ್ಲೇ ಉಳಿದ. ಕಿಟಕಿಯ ಪರದೆ ಸರಿಸಿ ಬೀದಿ ನೋಡುವನು, ಮತ್ತೆ ಮುಚ್ಚುವನು. ಒಮ್ಮೆ ನನ್ನ ಹಿಡಿಕೆ ಹಿಡಿದು ಬಾಗಿಲವರೆಗೆ ಬಂದವನು ಅಲ್ಲಿಂದಲೇ ಹಿಂದಿರುಗಿದ. ಊರಿನಿಂದ ಅಣ್ಣ ಫೋನ್ ಮಾಡಿದರೆ, "ಆರಾಮ ಅದೀವಿ. ಕೆಲಸ ಹುಡುಕಾಕತ್ತೀನಿ" ಎನ್ನುತ್ತಿದ್ದ. ಯಾವ ಕೆಲಸವನ್ನೂ ಹುಡುಕುತ್ತಿರಲಿಲ್ಲ.

ಹನ್ನೊಂದನೆಯ ದಿನ ಹಾಲು ತೀರಿತು. ಬೇರೆ ದಾರಿಯಿಲ್ಲದೆ ತುಂಗಾಳನ್ನು ನನ್ನಲ್ಲಿ ಕೂರಿಸಿ ಹೊರಟ. ಅಂಗಡಿ ಏರಿನ ತುದಿಯಲ್ಲಿತ್ತು. ಮರಳಿ ಬರುವಾಗ ಹಿಡಿಕೆಗೆ ಸಿಕ್ಕಿಸಿದ್ದ ಚೀಲ ಹರಿದು, ಹಾಲಿನ ಜೊತೆ ಕೊಂಡಿದ್ದ ಕಿತ್ತಳೆಗಳು ಉರುಳಿದವು. ಅವನು ಕಾಲಿನಿಂದ ನನ್ನ ಬ್ರೇಕನ್ನು ಒತ್ತಿ ಹಣ್ಣು ಹೆಕ್ಕಲು ಬಾಗಿದ. ಬ್ರೇಕು ಪೂರ್ತಿ ಕೂತಿರಲಿಲ್ಲ.

ನನಗೆ ನಾನಾಗಿ ನಿಲ್ಲಲು ಬರುವುದಿಲ್ಲ. ನಾನು ಉರುಳಿದೆ. ಕೆಳಗೆ ಬಸ್ಸುಗಳು ಓಡಾಡುವ ದೊಡ್ಡ ರಸ್ತೆಯಿತ್ತು. ಹಿಂದಿನಿಂದ "ತುಂಗಾ!" ಎಂಬ ಕೂಗು, ಓಡುವ ಹೆಜ್ಜೆಗಳು. ರಸ್ತೆಗೆ ಐದಾರು ಮಾರು ಇರುವಾಗ ಕಾಗದ ಹಂಚುತ್ತಿದ್ದ ಪೋಸ್ಟ್‌ಮ್ಯಾನ್ ತನ್ನ ಗಾಡಿಯನ್ನು ಅಡ್ಡ ತಳ್ಳಿ, ಬಂದು ನನ್ನನ್ನು ಹಿಡಿದುಕೊಂಡ.

ವೀರೇಶ ಓಡಿ ಬಂದು ನನ್ನ ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದ. ತುಂಗಾ ಅಪ್ಪನ ಮುಖ ನೋಡಿ, ಕೈ ತಟ್ಟಿ ಹೇಳಿದಳು:

"ಮತ್ತ! ಅಪ್ಪಾ, ಮತ್ತ!"

ಆ ದೇಶದಲ್ಲಿ ಅವಳ ಮೊದಲ ಮಾತು ಅದು. ವೀರೇಶ ಫುಟ್‌ಪಾತಿನ ಮೇಲೆ ಕೂತು ಅತ್ತ. ಪೋಸ್ಟ್‌ಮ್ಯಾನ್ ಏರು ಹತ್ತಿ ಹೋಗಿ ಕಿತ್ತಳೆಗಳನ್ನು ಆಯ್ದು ತಂದುಕೊಟ್ಟ.

ಈ ಸಂಗತಿ ಮುಚ್ಚಿಡಬಹುದಿತ್ತು. ಅವನು ಮುಚ್ಚಿಡಲಿಲ್ಲ. ಸಂಜೆ ಶಶಿಕಲಾ ಬಂದು ಬೂಟು ಬಿಚ್ಚುವ ಮೊದಲೇ ಎಲ್ಲ ಹೇಳಿದ. ಅವಳು ಮಗಳನ್ನು ನೆಲದ ಮೇಲೆ ಮಲಗಿಸಿ, ಆಸ್ಪತ್ರೆಯಲ್ಲಿ ಮಾಡುವಂತೆ ಕೈಕಾಲು, ತಲೆ ಎಲ್ಲ ಒತ್ತಿ ನೋಡಿದಳು.

"ಖರೇನ 'ಮತ್ತ' ಅಂದ್ಲಾ?" ಎಂದು ಕೊನೆಗೆ ಕೇಳಿದಳು.

"ಹೂಂ. ನನ್ನ ಜೀವ ಹೋಗಿತ್ತು, ಇಕಿ ನಗಾಕತ್ತಿದ್ಲು."

ಶಶಿಕಲಾ ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿತು. "ವಾರ್ಡಿನ್ಯಾಗ ಒಬ್ಬರು ಅಜ್ಜಾರು ಇವತ್ತ ನಾಕು ಸಲ ನೀರು ಕೇಳಿದ್ರು. ಅವರ ಮಾತು ನನಗ ತಿಳೀಲೇ ಇಲ್ಲ, ಬ್ಯಾರೆ ನರ್ಸ್ ಹೇಳಬೇಕಾತು. ಬಾತ್‌ರೂಮಿನ ಬಾಗಲಾ ಹಾಕ್ಕೊಂಡು ಅತ್ತೆ, ರೀ."

ಇಬ್ಬರೂ ನನ್ನ ಪಕ್ಕ ನೆಲದ ಮೇಲೆಯೇ ಕೂತು ಕಿತ್ತಳೆ ಸುಲಿದು ತಿಂದರು.

"ಇನ್ನೊಂದು ಮಾತು," ಎಂದಳು ಶಶಿಕಲಾ. "ಅಣ್ಣಾರ ಮುಂದ ಕೆಲಸ ಹುಡುಕಾಕತ್ತೀನಿ ಅನಬ್ಯಾಡ್ರಿ. ಮಗಳನ್ನ ನೋಡ್ಕೊಳ್ಳಾಕತ್ತೀನಿ ಅನ್ರಿ. ಇದು ಕೆಲಸ ಅಲ್ಲೇನು? ನೀವು ನೋಡ್ಕೊಂಡ್ರ ನಾ ಡ್ಯೂಟಿಗೆ ಹೋಗತೇನಿ."

ಮರುದಿನ ವೀರೇಶ ಹಾಗೆಯೇ ಹೇಳಿದ, ಬೀದಿಯಲ್ಲಿ ನನ್ನನ್ನು ತಳ್ಳುತ್ತಲೇ. ಅತ್ತ ಅಣ್ಣ ಏನೆಂದನೋ ನನಗೆ ಕೇಳಲಿಲ್ಲ. ಹಿಡಿಕೆಯ ಮೇಲಿನ ಕೈ ಮಾತ್ರ ಬಿಗಿಯಾಗಲಿಲ್ಲ.

ಅನಂತರ ದಿನವೂ ಹೊರಗೆ ಹೋದೆವು. ಮಳೆಯಲ್ಲೂ ಹೋದೆವು. ಅವನು ಬಸ್ಸಿನ ನಂಬರುಗಳನ್ನು ಕಲಿತ. ತುಂಗಾ ಅವನ್ನು ಕನ್ನಡದಲ್ಲಿ ಕೂಗಿ ಹೇಳುತ್ತಿದ್ದಳು. ಅವಳು ಶಾಲೆಗೆ ಸೇರಿದ ವರ್ಷ ಅವನಿಗೂ ಮಕ್ಕಳಿಗೆ ಆಟ ಕಲಿಸುವ ಕೆಲಸ ಸಿಕ್ಕಿತು. ನಾನು ಫಿಲಿಪ್ಪೀನ್ಸಿನಿಂದ ಬಂದ ಮತ್ತೊಬ್ಬ ನರ್ಸಿನ ಮನೆಗೆ ಹೋದೆ. ಅಲ್ಲಿಯೂ ಮೊದಲ ವಾರಗಳಲ್ಲಿ ಒಬ್ಬ ಗಂಡಸು ಪರದೆ ಸರಿಸಿ ಬೀದಿ ನೋಡುತ್ತಿದ್ದ.

ಈಗ ಮುಂದಿನ ಚಕ್ರ ಮುರಿದಿದೆ. ಊರ ಹೊರಗಿನ ಹಳೆಯ ಸಾಮಾನಿನ ಅಂಗಳದಲ್ಲಿ, ಹುಲ್ಲು ಕತ್ತರಿಸುವ ಯಂತ್ರಗಳ ನಡುವೆ ಇದ್ದೇನೆ. ನನ್ನ ಅಲ್ಯೂಮಿನಿಯಂ ಕರಗಿಸುತ್ತಾರಂತೆ. ಮೂರು ಮಕ್ಕಳನ್ನು ಹೊತ್ತೆ. ಮೂವರಿಗೂ ನನ್ನ ನೆನಪಿರುವುದಿಲ್ಲ. ನೆನಪು ಮೂಡುವ ಮೊದಲಿನ ವಯಸ್ಸಿಗೆಂದೇ ಮಾಡಿದ ವಸ್ತು ನಾನು. ತುಂಗಾ ದೊಡ್ಡವಳಾಗಿ, ತಾನು ಹುಟ್ಟಿದಾಗಿನಿಂದ ಕಾರ್ಕಿನವಳೇ ಎಂಬಂತೆ ಮಾತಾಡಬಹುದು. ಅವಳು ಮಾತಾಡದೆ ಕಳೆದ ಆ ಹನ್ನೊಂದು ದಿನಗಳನ್ನು ಅಪ್ಪ ಅಮ್ಮ ಅವಳ ಪರವಾಗಿಯೂ ನೆನಪಿಟ್ಟುಕೊಂಡಿರುತ್ತಾರೆ.