ಜೇನುಮೇಣದ ತೋಟಾ

ನಮ್ಮ ಯಜಮಾನರು ಸುಳ್ಳು ಹೇಳುವವರಲ್ಲ. ಆದರೆ ನನ್ನ ತವರಿನ ಮಾನ ಉಳಿಸುತ್ತೇನೆಂದು ಬಾಯಿಗೆ ಬೀಗ ಹಾಕಿಕೊಂಡು, ತಮ್ಮ ಮಾನವನ್ನು ಊರವರ ಬಾಯಿಗೆ ಹಾಕಿದರು. ಇದಕ್ಕೆ ದೊಡ್ಡತನ ಎನ್ನುತ್ತಾರಂತೆ. ನನಗಂತೂ ಮೈಯೆಲ್ಲ ಉರಿಯುತ್ತದೆ.

ನಮ್ಮದು ಮಾವನ ಕಾಲದ ಕೇಪಿನ ಕೋವಿ. ನಳಿಗೆಯ ಬಾಯಿಂದ ಮಸಿ, ಅಂದರೆ ಮದ್ದಿನ ಪುಡಿ, ಸುರಿದು, ತೆಂಗಿನ ನಾರಿನ ಉಂಡೆ ಇಟ್ಟು ಗಜದ ಸರಳಿನಿಂದ ಜಡಿದು, ಮೇಲೆ ಕಾಳಿನಂಥ ಸೀಸದ ಚರೆ ಹಾಕಿ, ಮತ್ತೆ ನಾರು ತುರುಕಬೇಕು. ಗದ್ದೆಗೆ ಬರುವ ಹಂದಿಗೆ ಅಷ್ಟು ಸಾಕು. ನರಸಿಂಹರಾಜಪುರದಲ್ಲಿರುವ ನನ್ನ ಅಣ್ಣ ಯೋಗೇಂದ್ರನಿಗೆ ಸಾಕಾಗಲಿಲ್ಲ. ಅವನಿಗೆ ಹಳೇ ಕೋವಿಗಳ ಹುಚ್ಚು. ಹಿಂದಿನ ಕಾಲದ ಬೇಟೆಗಾರರು ಚರೆಯನ್ನು ಕಾಗದದ ಕೊಳವೆಯಲ್ಲಿ ಕಟ್ಟಿ ತೋಟಾ ಮಾಡುತ್ತಿದ್ದರಂತೆ. ಅದು ಸ್ವಲ್ಪ ದೂರ ಹೋಗಿ ಬಿಚ್ಚಿಕೊಂಡು ಚರೆ ಒತ್ತಾಗಿ ಬೀಳುತ್ತದಂತೆ. ತಾನೂ ಮಾಡಿ ನೋಡಬೇಕೆಂದು ಜೇನುಮೇಣ ಸವರಿದ ತೋಟಾಗಳನ್ನು ಡಬ್ಬಿಯಲ್ಲಿ ತುಂಬಿಕೊಂಡು ಬಂದ. ನಾರು ಹಾಕುವುದು ಗೊಡ್ಡು ಪದ್ಧತಿ, ಕಂಬಳಿಯ ಬಿಲ್ಲೆ ಕತ್ತರಿಸಿ ಹಾಕಿದರೆ ಮಸಿಯ ಬಲ ಸೋರುವುದಿಲ್ಲ ಎಂದು ಭಾವನಿಗೇ ಪಾಠ ಮಾಡಿದ.

ಗುರಿಗೆ ಒಂದು ಅಡಿಕೆ ಹಾಳೆ. ದರೆಯ ಕಡೆ ಕಟ್ಟೋಣ, ತಪ್ಪಿದ್ದು ಗೋಡೆಯಂಥ ಮಣ್ಣಿಗೇ ಹೊಗುತ್ತದೆ ಎಂದರು ಯಜಮಾನರು. ಅಲ್ಲಿ ಬಿಸಿಲು ಕಣ್ಣಿಗೆ ಹೊಡೆಯುತ್ತದೆಂದು ಅಣ್ಣ ಬೇಲಿಗೇ ಕಟ್ಟಿಸಿದ. ಬೇಲಿಯಾಚೆ ಹಳ್ಳ, ಹಳ್ಳದಾಚೆ ಜಟ್ಟಪ್ಪನ ಗದ್ದೆ. ಚರೆ ಹಳ್ಳ ದಾಟಲಿಕ್ಕಿಲ್ಲ, ಜವಾಬ್ದಾರಿ ನನ್ನದು ಎಂದ.

ಮೊದಲಿನ ತೋಟಾಗಳು ಬಿಚ್ಚಿಕೊಂಡವು. ಹಾಳೆ ಜರಡಿಯಾಯಿತು. ಅಣ್ಣ ಕುಣಿಯುವುದೊಂದು ಬಾಕಿ. ಹೊಸ ಹಾಳೆ ಕಟ್ಟಿ ಭಾವನ ಕೈಯಿಂದ ಇನ್ನೊಂದು ಹೊಡೆಸಿದ. ಅದು ಬಿಚ್ಚಲೇ ಇಲ್ಲ. ಚರೆಯೆಲ್ಲ ಮೇಣದಲ್ಲಿ ಕಚ್ಚಿಕೊಂಡು ಒಂದೇ ಮುದ್ದೆಯಾಗಿ ಹೋಗಿ, ಹಾಳೆಯಲ್ಲಿ ಒಂದೇ ತೂತು ಮಾಡಿ, ಹಳ್ಳದಾಚೆ ಗೂಟಕ್ಕೆ ಕಟ್ಟಿದ್ದ ಜಟ್ಟಪ್ಪನ ಹಾಲು ಕರೆಯುವ ಎಮ್ಮೆಯನ್ನು ಕೆಡವಿತು.

ಅಣ್ಣ ಏನು ಮಾಡಿದ ಗೊತ್ತೇ? ತೋಟಾ ಕೈಕೊಟ್ಟದ್ದಕ್ಕೆ ಸಾಕ್ಷಿಯಾಗಿದ್ದ ಆ ಹಾಳೆಯನ್ನು ನಮ್ಮ ಬಚ್ಚಲ ಒಲೆಗೆ ತುರುಕಿದ. ತನ್ನ ಹೆಸರು ಎತ್ತುವುದಿಲ್ಲವೆಂದು ಭಾವನಿಂದ ಮಾತು ತೆಗೆದುಕೊಂಡ. ಜಟ್ಟಪ್ಪ ಹಳ್ಳ ದಾಟಿ ಬರುವಷ್ಟರಲ್ಲಿ ಕಾರು ಹತ್ತಿ ಹೋಗಿದ್ದ.

ಎಮ್ಮೆಯ ಹೊಟ್ಟೆಯಲ್ಲಿದ್ದದ್ದು ಒಂದೇ ತೂತು; ಚರೆಯಾದರೆ ಹತ್ತಾರು ಇರಬೇಕಿತ್ತು. ಹೋದ ಮಳೆಗಾಲ ಅದೇ ಎಮ್ಮೆ ನಮ್ಮ ಸಸಿಮಡಿ ಮೇಯ್ದು ಎರಡು ಮಾತಾಗಿತ್ತು. ಊರಿಗೆ ಅಷ್ಟು ಸಾಕಾಯಿತು. ದೇವಪ್ಪ ಸೇಡಿಗೆ ಗುಂಡು ಹಾಕಿ ಹೊಡೆದ ಎಂದು ಇವರ ಹೆಸರು ಹಿಡಿದೇ ಅಂದರು. ಚರೆ ಬಿಟ್ಟು ಬೇರೇನೂ ಹಾಕಿಲ್ಲ ಎಂದಷ್ಟೇ ಇವರು ಹೇಳಿದರು; ಯಾರು ನಂಬುತ್ತಾರೆ? ಸಸಿ ನೆಟ್ಟಿಯಲ್ಲಿ ಕೂಲಿಯಿಲ್ಲದೆ ನಮಗೆ ಮುಯ್ಯಾಳಾಗಿ ಬರುತ್ತಿದ್ದ ಜಟ್ಟಪ್ಪನೂ ನಂಬಲಿಲ್ಲ.

ನಮ್ಮ ಜಗಲಿಯಲ್ಲೇ ಪಂಚಾಯಿತಿ ಸೇರಿತು. ಗುಂಡು ಹಾಕಿಲ್ಲವೆಂದು ಭೂತದ ಬನದಲ್ಲಿ ಆಣೆಯಾಗಲಿ ಎಂದರು ಹಿರಿಯರು. ಆಣೆಯೆಂದರೆ ಸುಮ್ಮನೆ ಅಲ್ಲ. ಅದನ್ನು ಬಿಡಿಸುವ ತನಕ ಎರಡು ಮನೆಗಳ ನಡುವೆ ಬೆಂಕಿಯಿಲ್ಲ, ನೀರಿಲ್ಲ; ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟುವಂತಿಲ್ಲ. ಮುಂದೆ ನಮ್ಮ ಮನೆಯಲ್ಲಿ ಒಂದು ಕೂಸಿಗೆ ಜ್ವರ ಬಂದರೂ ಸುಳ್ಳಾಣೆಯ ಫಲ ಎನ್ನುತ್ತಾರೆ. ಇವರು ತಲೆ ಬಗ್ಗಿಸಿ ಒಪ್ಪಿಕೊಂಡರು.

ನೆಂಟನೆಂದು ಕರೆಸಿದ್ದ ಅಣ್ಣ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹಿರಿಯರ ಸಾಲಿನಲ್ಲೇ ಕೂತಿದ್ದ. “ಭಾವ ಒಂದು ಆಣೆ ಹಾಕಿಬಿಡ್ಲಿ ಮಾರಾಯ್ರೆ. ಅದಕ್ಕೆಂತ?” ಎಂದ.

ಅದಕ್ಕೆಂತ! ಬಾಗಿಲಲ್ಲಿ ನಿಂತಿದ್ದ ನಾನು ಒಳಗೆ ಹೋಗಿ, ಅವನು ಅವಸರದಲ್ಲಿ ಬಿಟ್ಟುಹೋದ ಡಬ್ಬಿ ತಂದು, ಉಳಿದಿದ್ದ ತೋಟಾವನ್ನು ಅವನ ಅಂಗೈಗೆ ಹಾಕಿದೆ. ಯಜಮಾನರು ಕಣ್ಣಲ್ಲೇ ತಡೆದರು. ನಾನು ಆ ಕಡೆ ನೋಡಲಿಲ್ಲ. ಆವತ್ತು ನಡೆದದ್ದನ್ನೆಲ್ಲ ಹಾಳೆ ಸುಟ್ಟದ್ದರ ಸಮೇತ ಹೇಳಿದೆ.

ಅಣ್ಣ ನಕ್ಕ. ತೋಟಾ ತನ್ನದೇ ಹೌದು, ಆದರೆ ಅದು ಬಿಚ್ಚಿಯೇ ಬಿಚ್ಚುತ್ತದೆ, ಚರೆ ಹಳ್ಳ ದಾಟುವ ಮಾತೇ ಇಲ್ಲ, ತಂಗಿಗೆ ಇದೆಲ್ಲ ತಿಳಿಯುವುದಿಲ್ಲ ಎಂದ.

“ಹಂಗಾರೆ ಎಮ್ಮೆ ಕಟ್ಟಿದ ಗೂಟದ ಹತ್ರ ಹೋಗಿ ನಿಲ್ಲು, ಅಣ್ಣ. ಇವರು ಬೇಲಿಗೆ ಹಾಳೆ ಕಟ್ಟಿ ಇಲ್ಲಿಂದ ಹೊಡೀತಾರೆ. ತೋಟಾನೂ ನಿಂದೇ, ಬಿಲ್ಲೆನೂ ನಿಂದೇ. ಚರೆ ಅಲ್ಲಿಗೆ ಬರೋದೇ ಇಲ್ವಲ್ಲ.”

ಎಲ್ಲರೂ ಅವನ ಮುಖವನ್ನೇ ನೋಡಿದರು. ಅವನು ಹಳ್ಳದಾಚೆಯ ಗೂಟ ನೋಡಿದ, ಕೈಯಲ್ಲಿದ್ದ ತೋಟಾ ನೋಡಿದ. ಕೂತಲ್ಲಿಂದ ಏಳಲಿಲ್ಲ.

ಜಟ್ಟಪ್ಪ ಎದ್ದು ಬಂದು ಅದನ್ನು ಅವನ ಕೈಯಿಂದ ತೆಗೆದುಕೊಂಡ. ಕಾಗದ ಸುಲಿದು, ಉಗುರಿನಿಂದ ಕೆರೆದ. ಬೆಲ್ಲದ ಪಾಕಕ್ಕೆ ಕಚ್ಚಿದ ಶೇಂಗಾದ ಹಾಗೆ ಚರೆ ಅಂಟಿಕೊಂಡಿತ್ತು, ಒಂದೂ ಉದುರಲಿಲ್ಲ. ಆ ಮುದ್ದೆಯನ್ನು ಹಿರಿಯರೆದುರು ಜಗಲಿಯ ಮೇಲಿಟ್ಟ.

“ಯಮುನಕ್ಕ, ಒಂದು ಚೊಂಬು ನೀರು ಕೊಡಿ” ಎಂದ.

ತಂದುಕೊಟ್ಟೆ. ಎಲ್ಲರೆದುರು ನಮ್ಮ ಮನೆಯ ನೀರನ್ನು ಗಟಗಟ ಕುಡಿದು, ಚೊಂಬನ್ನು ಇವರ ಕೈಗೆ ಕೊಟ್ಟ. ಉಳಿದದ್ದನ್ನು ಇವರು ಕುಡಿದರು. ಇನ್ನು ಆಣೆಯ ಮಾತಿಲ್ಲವೆಂದು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಣ್ಣನಿಗೂ ಬಾಯಿ ಒಣಗಿತ್ತು ಕಾಣುತ್ತದೆ, ಕೈ ಚಾಚಿದ. ಚೊಂಬು ಖಾಲಿಯಾಗಿತ್ತು. ಹಂಡೆ ಒಳಗೇ ಇತ್ತು, ತುಂಬಿಯೇ ಇತ್ತು. ನಾನು ಕದಲಲಿಲ್ಲ.