ಸುಗ್ರಾ ಖಾನುಮ್ ಹಾರಿದ ವರ್ಷ

ದಿಲಶಾದಬಿಯ ತಂದೆ ಕರೀಮಸಾಬ ಲಕ್ಷ್ಮೇಶ್ವರದ ಬಜಾರದಲ್ಲಿ ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ. ಅದಕ್ಕೂ ಮೊದಲು, ಮಹಾಯುದ್ಧದ ಕಾಲದಲ್ಲಿ, ಬೆಂಗಳೂರಿನಲ್ಲಿ ವಿಮಾನ ದುರಸ್ತಿ ಮಾಡುವ ಕಾರ್ಖಾನೆಯೊಂದರಲ್ಲಿ ನಾಲ್ಕು ವರ್ಷ ಫಿಟ್ಟರ್ ಆಗಿದ್ದವನು. ತನ್ನ ಅಪ್ಪ ತೀರಿಕೊಂಡಾಗ ಊರಿಗೆ ಬಂದ, ತಿರುಗಿ ಹೋಗಲಾಗಲಿಲ್ಲ. ವಿಮಾನದ ಹುಚ್ಚು ಮಾತ್ರ ಅವನನ್ನು ಬಿಡಲಿಲ್ಲ. ಹಳೆಯ ಪತ್ರಿಕೆಯಲ್ಲಿ ಕಂಡದ್ದು, ರೇಡಿಯೋದಲ್ಲಿ ಕೇಳಿದ್ದು, ಕಾರ್ಖಾನೆಯ ಗೋರಾ ಮೇಸ್ತ್ರಿ ಕೊಟ್ಟಿದ್ದ ಇಂಗ್ಲಿಷ್ ಪುಸ್ತಕದಲ್ಲಿ ಓದಿದ್ದು, ಎಲ್ಲವನ್ನೂ ಉದ್ದನೆಯ ನೋಟ್ ಬುಕ್ಕಿನಲ್ಲಿ ತಾರೀಖಿನ ಸಮೇತ ಬರೆದಿಡುತ್ತಿದ್ದ.

ಆ ತಾರೀಖುಗಳೇ ಅವರ ಮನೆಗೆ ಹಬ್ಬ. ಫೆಬ್ರುವರಿ ಹದಿನೆಂಟು ಅಲಹಾಬಾದಿನಿಂದ ನದಿ ದಾಟಿ ನೈನಿಗೆ ಮೊದಲ ಸಲ ವಿಮಾನದಲ್ಲಿ ಟಪಾಲು ಹೋದ ದಿನ. ಜುಲೈ ಇಪ್ಪತ್ತೈದು ಫ್ರಾನ್ಸಿನವನೊಬ್ಬ ಕಡಲ ಮೇಲೆ ಹಾರಿ ಇಂಗ್ಲೆಂಡಿನಲ್ಲಿ ಇಳಿದ ದಿನ. ಅಕ್ಟೋಬರ್ ಹದಿನೈದು ಕರಾಚಿಯ ಟಪಾಲು ಮುಂಬಯಿ ಮುಟ್ಟಿದ ದಿನ. ಇನ್ನು ಡಿಸೆಂಬರ್ ಹದಿನೇಳು ಬಂದರೆ, ಪಂಕ್ಚರ್ ಹಚ್ಚಿಸಲು ಬಂದವರ ಅಂಗೈಗೆಲ್ಲ ಒಂದು ಚಿಟಿಕೆ ಸಕ್ಕರೆ ಹಾಕಿ, ಇವತ್ತು ವಿಮಾನ ಹುಟ್ಟಿದ ದಿನ ಎನ್ನುತ್ತಿದ್ದ. ತಾಯಿಯಿಲ್ಲದ ದಿಲಶಾದಬಿ ಅಂಗಡಿಯಲ್ಲೇ ಬೆಳೆದವಳು. ಮಗ್ಗಿ ಕಲಿಯುವ ಮೊದಲೇ ಈ ತಾರೀಖುಗಳು ಅವಳಿಗೆ ಬಾಯಿಪಾಠವಾಗಿದ್ದವು.

ಮೊದಲ ನೋಟ್ ಬುಕ್ಕಿನಲ್ಲಿ ವಿಮಾನದ ಕಥೆ ೧೯೩೬ನೇ ಇಸವಿಯ ತನಕ ಬಂದು, ೧೯೭೧ರಲ್ಲಿ ಹಾಳೆಗಳು ಮುಗಿದಾಗ ಅದನ್ನು ಅಚ್ಚು ಹಾಕಿಸಬೇಕೆಂದು ಕರೀಮಸಾಬನ ಮನಸ್ಸಿಗೆ ಬಂತು. ತನ್ನ ಕನ್ನಡ ಬಜಾರದ ಕನ್ನಡ ಎಂಬ ಅಳುಕು ಅವನಿಗಿತ್ತು. ಯಾರೋ ಶಿರಹಟ್ಟಿಯ ದ್ಯಾಮಪ್ಪ ಮಾಸ್ತರನ ಹೆಸರು ಹೇಳಿದರು. ಮಾಸ್ತರ ನೋಟ್ ಬುಕ್ಕು ನೋಡಿ ಬಹಳ ಹೊಗಳಿದ, ಭಾಷೆ ತಿದ್ದಿಕೊಡುತ್ತೇನೆಂದು ಇಟ್ಟುಕೊಂಡ. ಎರಡು ವರ್ಷ ಕಳೆಯಿತು. ಕೇಳಿದಾಗಲೆಲ್ಲ ಇನ್ನಷ್ಟು ತಿದ್ದುವುದಿದೆ ಎನ್ನುತ್ತಿದ್ದ. ೧೯೭೩ರಲ್ಲಿ ಗದಗಿನ ಒಂದು ಪ್ರೆಸ್ಸಿನಿಂದ ‘ವಿಮಾನದ ಎಪ್ಪತ್ತು ವರುಷ’ ಎಂಬ ಪುಸ್ತಕ ಹೊರಬಂತು. ಹೆಸರಿಗೆ ಎಪ್ಪತ್ತು ವರುಷ, ಒಳಗಿನ ಕಥೆ ೧೯೩೬ಕ್ಕೇ ನಿಂತಿತ್ತು. ಮೇಲೆ ದ್ಯಾಮಪ್ಪ ಮಾಸ್ತರನ ಹೆಸರು. ಕರೀಮಸಾಬನ ಹೆಸರು ಒಳಗೆ ಎಲ್ಲಿಯೂ ಇರಲಿಲ್ಲ.

ಕರೀಮಸಾಬ ಮಗಳನ್ನು ಕರೆದುಕೊಂಡು ಶಿರಹಟ್ಟಿಗೆ ಹೋದ. ಜಗಳಕ್ಕೆ ಹೋದದ್ದಲ್ಲ, ಕೇಳಲಿಕ್ಕೆ ಹೋದದ್ದು. ಮಾಸ್ತರ ತನ್ನ ಮನೆಯ ಕಟ್ಟೆಯ ಮೇಲೆ ಊರಿನ ನಾಲ್ಕು ಹಿರಿಯರ ನಡುವೆ ಕೂತಿದ್ದ. ಕರೀಮಸಾಬ ಟೊಪ್ಪಿಗೆ ಸರಿಮಾಡಿಕೊಂಡು, ಪುಸ್ತಕದಲ್ಲಿ ನನ್ನದೂ ಒಂದು ಹೆಸರು ಬರಬೇಕಿತ್ತಲ್ಲರೀ ಎಂದ. ಮಾಸ್ತರ ಕೂತಲ್ಲಿಂದ ಅಲುಗಾಡಲಿಲ್ಲ.

“ಪಂಕ್ಚರ್ ಹಚ್ಚಾಂವ ಪುಸ್ತಕ ಬರದಾನಂತ ಕೇಳ್ರಿಪಾ,” ಎಂದ ಹಿರಿಯರ ಕಡೆ ತಿರುಗಿ. “ಹಂಗಾದ್ರ ನಾಳಿಂದ ನಾನು ವಿಮಾನ ಹಾರಸಾಕ ಹೋಗ್ತೀನಿ.”

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಕರೀಮಸಾಬ ಮಗಳ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಬಂದ. ದಿಲಶಾದಬಿಗೆ ಆಗ ಹತ್ತೊಂಬತ್ತು ವರ್ಷ. ಅಪ್ಪ ಅಷ್ಟು ದೊಡ್ಡವಳ ಕೈಯನ್ನು ಸಣ್ಣ ಮಗುವಿನ ಕೈ ಹಿಡಿದಂತೆ ಹಿಡಿದದ್ದು, ಆ ಕೈ ಬೆವೆತದ್ದು ಅವಳಿಗೆ ಮರೆಯಲೇ ಇಲ್ಲ. ಆ ವರ್ಷದ ಡಿಸೆಂಬರ್ ಹದಿನೇಳಕ್ಕೆ ಅಂಗಡಿಯಲ್ಲಿ ಯಾರಿಗೂ ಸಕ್ಕರೆ ಸಿಗಲಿಲ್ಲ. ಎರಡನೆಯ ನೋಟ್ ಬುಕ್ಕನ್ನು ಮಾತ್ರ ಕರೀಮಸಾಬ ಯಾರಿಗೂ ತೋರಿಸದೆ ಬರೆಯುತ್ತಲೇ ಹೋದ. ಅದರ ಕೊನೆಯ ದಾಖಲೆ ೧೯೭೬ರ ಜನವರಿಯದು, ಶಬ್ದಕ್ಕಿಂತ ಬೇಗ ಹೋಗುವ ಕಾನ್ಕಾರ್ಡ್ ವಿಮಾನ ಜನರನ್ನು ಹೊತ್ತು ಹಾರಿದ್ದು. ಅದೇ ಮಳೆಗಾಲದಲ್ಲಿ ಅವನು ತೀರಿಕೊಂಡ.

ದಫನ್ ಆಗಿ ನಲವತ್ತು ದಿನ ಕಳೆದ ಮೇಲೆ ದಿಲಶಾದಬಿ ಬೆಟಗೇರಿಯಲ್ಲಿದ್ದ ಚಿಕ್ಕಪ್ಪ ಬುಡ್ಡೇಸಾಬನ ಮನೆಗೆ ಬಂದಳು. ಬುಡ್ಡೇಸಾಬ ರದ್ದಿ ಕಾಗದದ ವ್ಯಾಪಾರಿ. ಮದುವೆಯ ಮಾತು ಎತ್ತಿದವನಿಗೆ, ಮೊದಲು ನನಗೆ ಗದಗಿನ ಉಳವಪ್ಪನವರ ಪ್ರೆಸ್ಸಿನಲ್ಲಿ ಕೆಲಸ ಕೊಡಿಸು ಎಂದಳು. ಮಾಸ್ತರನ ಪುಸ್ತಕ ಅಚ್ಚಾದದ್ದು ಅಲ್ಲೇ. ಅದು ಶಾಲೆಗಳಲ್ಲಿ ಚೆನ್ನಾಗಿ ಹೋಗುತ್ತಿತ್ತು, ಮಾಸ್ತರನಿಗೆ ಊರೂರಲ್ಲಿ ಶಾಲು ಹಾರ ಬೀಳುತ್ತಿದ್ದವು. ೧೯೭೮ಕ್ಕೆ ವಿಮಾನ ಹುಟ್ಟಿ ಎಪ್ಪತ್ತೈದು ವರ್ಷವಾಗುತ್ತದೆ. ಅಂಥ ವರ್ಷವನ್ನು ಅವನು ಸುಮ್ಮನೆ ಬಿಡುವುದಿಲ್ಲ, ಹೊಸ ಮುದ್ರಣಕ್ಕೆ ಅದೇ ಪ್ರೆಸ್ಸಿಗೆ ಬಂದೇ ಬರುತ್ತಾನೆ ಎಂದು ಅವಳು ಲೆಕ್ಕ ಹಾಕಿದ್ದಳು.

ಹಾಳೆ ಮಡಚುವ ಕೆಲಸಕ್ಕೆ ಸೇರಿದವಳು ವರ್ಷದೊಳಗೆ ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿತಳು. ಉಳವಪ್ಪ ಒಳ್ಳೆಯ ಮನುಷ್ಯ. ಇಷ್ಟು ಚೊಕ್ಕ ಕೈ ತನ್ನ ಪ್ರೆಸ್ಸಿನಲ್ಲಿ ಇನ್ನೊಂದಿಲ್ಲ ಎಂದು ಬಂದವರ ಮುಂದೆ ಹೇಳುತ್ತಿದ್ದ. ಅವನಿಗೆ ಅವಳ ಹೊಟ್ಟೆಯೊಳಗಿನ ಬೆಂಕಿಯ ಸುಳಿವಿರಲಿಲ್ಲ.

೧೯೭೮ರ ಬೇಸಿಗೆಯಲ್ಲಿ ಖಬರು ಸಿಕ್ಕಿತು. ಪುಸ್ತಕಕ್ಕೆ ಹೊಸ ಭಾಗ ಸೇರಿಸಿ ತರಬೇಕೆಂದು ಮಾಸ್ತರ ಉಳವಪ್ಪನಿಗೆ ಕಾಗದ ಬರೆದಿದ್ದ. ಆದರೆ ೧೯೩೬ರಿಂದೀಚೆಗಿನ ಸಾಮಗ್ರಿ ಸಿಗುತ್ತಿಲ್ಲ, ಸ್ವಲ್ಪ ತಡವಾದೀತು ಎಂದೂ ಬರೆದಿದ್ದ. ಸಿಗದೆ ಏನು ಎಂದುಕೊಂಡಳು ದಿಲಶಾದಬಿ.

ಹಳೆಯ ಖಾಲಿ ನೋಟ್ ಬುಕ್ಕೊಂದನ್ನು ಚಿಕ್ಕಪ್ಪನ ರದ್ದಿಯಿಂದಲೇ ಆರಿಸಿದಳು. ರವಿವಾರಗಳಂದು ಬಾಗಿಲಲ್ಲಿ ಕೂತು ಅಪ್ಪನ ಎರಡನೆಯ ನೋಟ್ ಬುಕ್ಕನ್ನು ಅವನದೇ ಬಾಗಿದ ಅಕ್ಷರದಲ್ಲಿ ನಕಲು ಮಾಡಿದಳು. ಎಲ್ಲವೂ ಖರೆ ಸಂಗತಿಗಳು. ನಡುವೆ ಮೂರೇ ಮೂರು ಸುಳ್ಳು ಸೇರಿಸಿದಳು. ೧೯೪೯ರಲ್ಲಿ ಒಂಟಿಯಾಗಿ ಕೆಂಪು ಸಮುದ್ರ ದಾಟಿದ ಈಜಿಪ್ಟಿನ ವೀರವನಿತೆ ಸುಗ್ರಾ ಖಾನುಮ್. ಮರುಭೂಮಿಯಲ್ಲಿ ರೆಕ್ಕೆ ಮುರಿದ ವಿಮಾನವನ್ನು ಇಳಿಸಿದ ಫ್ರೆಂಚ್ ಕ್ಯಾಪ್ಟನ್ ಬುದೆಸಾ. ಅತಿ ಎತ್ತರಕ್ಕೆ ಹಾರಿದ ಇಟಲಿಯ ‘ಸೊರಾತುರಾ’ ವಿಮಾನ.

ಅದನ್ನು ರದ್ದಿಯ ಗಂಟಿನೊಳಗಿಟ್ಟು ಬುಡ್ಡೇಸಾಬನ ಕೈಗೆ ಕೊಟ್ಟಳು. ಕರೀಮಸಾಬ ಸತ್ತ ಮೇಲೆ ಮನೆಯವರು ತೂಕಕ್ಕೆ ಹಾಕಿದ್ದು ಎಂದು ಹೇಳಿ ಮಾಸ್ತರನಿಗೆ ತೋರಿಸಬೇಕು. ಇದನ್ನು ಅವನ ಮಗಳಿಗೆ ಮುಟ್ಟಿಸು ಎಂದು ಮಾಸ್ತರ ಒಂದು ಮಾತು ಅಂದರೂ ಸಾಕು, ವಾಪಸು ತರಬೇಕು, ಅಲ್ಲಿಗೆ ಎಲ್ಲವನ್ನೂ ಬಿಟ್ಟುಬಿಡುತ್ತೇನೆ ಎಂದಳು.

ಬುಡ್ಡೇಸಾಬ ಸಂಜೆಗೆ ಬರಿಗೈಯಲ್ಲಿ ಬಂದ.

“ಏನಂದ ಚಾಚಾ?”

“ಹಾಳಿ ತಿರುವಿದ. ಅಕ್ಷರ ಗುರ್ತು ಹಿಡದ, ಮಾರಿ ನೋಡಿದ್ರ ಗೊತ್ತಾಗ್ತಿತ್ತು. ಇದರ ಸುದ್ದಿ ಯಾರ ಮುಂದೂ ತಗೀಬ್ಯಾಡ ಅಂದ.”

ದಿಲಶಾದಬಿ ಅವತ್ತು ಹೊಟ್ಟೆ ತುಂಬ ಉಂಡಳು.

ಸೆಪ್ಟೆಂಬರಿನಲ್ಲಿ ಹಸ್ತಪ್ರತಿ ಪ್ರೆಸ್ಸಿಗೆ ಬಂತು, ಪೂರಾ ಮಾಸ್ತರನ ಕೈಬರಹದಲ್ಲಿ. ಉಳವಪ್ಪ ಅದನ್ನು ಅವಳಿಗೇ ಕೊಟ್ಟ. ಮೂರು ಸುಳ್ಳೂ ಒಳಗಿದ್ದವು, ಇನ್ನಷ್ಟು ಚಂದದ ಮಾತುಗಳಲ್ಲಿ. ಸುಗ್ರಾ ಖಾನುಮ್‌ಗೆ ಮಾಸ್ತರ ಕಪ್ಪು ಕಣ್ಣುಗಳನ್ನೂ ಕೊಟ್ಟಿದ್ದ. ಅವಳು ಒಂದೊಂದೇ ಮೊಳೆ ಆರಿಸಿ ಜೋಡಿಸಿದಳು. ಪುಸ್ತಕದಲ್ಲಿ ಒಂದು ಒತ್ತಕ್ಷರವೂ ತಪ್ಪಾಗದಂತೆ ಮೂರು ಸಲ ಪ್ರೂಫು ನೋಡಿದಳು. ಅಚ್ಚಿನವರ ತಪ್ಪು ಎಂದು ಹೇಳಲು ಅವನಿಗೆ ಒಂದು ಬಿರುಕೂ ಸಿಗಬಾರದಿತ್ತು.

ಆ ವರ್ಷ ಡಿಸೆಂಬರ್ ಹದಿನೇಳು ರವಿವಾರ ಬಂದಿತ್ತು. ‘ವಿಮಾನದ ಎಪ್ಪತ್ತೈದು ವರುಷ’ ಬಿಡುಗಡೆಯಾದದ್ದು ಮುಂಡರಗಿಯಲ್ಲಿ. ಪೆಂಡಾಲಿನ ತುಂಬ ಮೇಷ್ಟ್ರುಗಳು, ವಿದ್ಯಾರ್ಥಿಗಳು, ವ್ಯಾಪಾರಸ್ಥರು. ವೇದಿಕೆಯ ಮೇಲೆ ಅತಿಥಿಯಾಗಿ ವಾಯುಪಡೆಯಿಂದ ನಿವೃತ್ತರಾದ ಅಧಿಕಾರಿಯೊಬ್ಬರು. ಪುಸ್ತಕದ ಗಂಟುಗಳ ಜೊತೆ ಉಳವಪ್ಪನ ಜೀಪಿನಲ್ಲಿ ದಿಲಶಾದಬಿಯೂ ಬಂದಿದ್ದಳು. ಅವಳ ಚೀಲದಲ್ಲಿ ಮಾಸ್ತರನ ಹಸ್ತಪ್ರತಿಯಿತ್ತು. ಬುಡ್ಡೇಸಾಬ ಹಿಂದಿನ ಸಾಲಿನಲ್ಲಿ ಕೂತಿದ್ದ.

ಭಾಷಣಗಳಾದವು. ಕೊನೆಗೆ ಮಾಸ್ತರನೇ ಎದ್ದುನಿಂತು, ಯಾರಿಗಾದರೂ ಪ್ರಶ್ನೆಗಳಿದ್ದರೆ ಕೇಳಬಹುದು ಎಂದ. ದಿಲಶಾದಬಿ ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದಳು. ಸುಗ್ರಾ ಖಾನುಮ್ ಬಗ್ಗೆ ಇನ್ನಷ್ಟು ಹೇಳಬೇಕು ಎಂದಳು.

ಮಾಸ್ತರ ಖುಷಿಯಾದ. ಹೆಣ್ಣುಮಕ್ಕಳು ಇಂಥ ಪ್ರಶ್ನೆ ಕೇಳುವುದು ದೇಶದ ಭಾಗ್ಯ ಎಂದ. ಆ ವೀರವನಿತೆಯ ಫೋಟೋವನ್ನು ಧಾರವಾಡದಲ್ಲಿ ಒಂದು ಇಂಗ್ಲಿಷ್ ಗ್ರಂಥದಲ್ಲಿ ಕಣ್ಣಾರೆ ಕಂಡಿದ್ದೇನೆ, ಅವಳ ಧೈರ್ಯ ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ ಎಂದ. ಅತಿಥಿ ಹುಬ್ಬು ಗಂಟಿಕ್ಕಿ ಪುಸ್ತಕದ ಹಾಳೆ ತಿರುವತೊಡಗಿದರು.

“ಸುಗ್ರಾಬಿ ನಮ್ಮಜ್ಜಿರಿ,” ಎಂದಳು ದಿಲಶಾದಬಿ. “ಲಕ್ಷ್ಮೇಶ್ವರ ಬಿಟ್ಟು ಹೊರಗ ಹೋಗಿದ್ದು ಎರಡ ಸಲ. ಎರಡೂ ಸಲ ಚಕ್ಕಡ್ಯಾಗ.”

ಅವಳು ಹಿಂದಿನ ಸಾಲಿಗೆ ಕೈ ತೋರಿಸಿದಳು.

“ಕ್ಯಾಪ್ಟನ್ ಬುದೆಸಾ ಅಲ್ಲಿ ಕುಂತಾರ ನೋಡ್ರಿ, ನಮ್ಮ ಚಾಚಾ ಬುಡ್ಡೇಸಾಬ. ಬೆಟಗೇರ್‍ಯಾಗ ರದ್ದಿ ವ್ಯಾಪಾರ. ಇನ್ನ ಸೊರಾತುರಾ ಅನ್ನೂ ವಿಮಾನ ಎಲ್ಲೆ ಐತಂತ ನಿಮಗ ಹೇಳಬೇಕಾಗಿಲ್ಲ, ಇಲ್ಲೇ ನಮ್ಮ ಸೊರಟೂರ ಊರು ಎಲ್ಲಾರಿಗೂ ಗೊತ್ತೈತಿ.”

ಮೊದಲು ನಕ್ಕವನು ಸೊರಟೂರಿನವನೇ ಇರಬೇಕು. ಆಮೇಲೆ ನಗು ಸಾಲುಸಾಲಾಗಿ ಹರಡಿ ವೇದಿಕೆಯ ಬುಡಕ್ಕೆ ಬಂದು ಮುಟ್ಟಿತು. ಬುಡ್ಡೇಸಾಬ ನಾಚಿಕೊಂಡು ಎದ್ದುನಿಂತು ಸಲಾಮು ಮಾಡಿದ. ನಗು ಇನ್ನೂ ಹೆಚ್ಚಾಯಿತು.

ಮಾಸ್ತರ ಇದು ಅಚ್ಚಿನವರ ಕಿತಾಪತಿ ಎಂದು ಕೂಗಾಡಿದ. ದಿಲಶಾದಬಿ ವೇದಿಕೆಯ ಹತ್ತಿರ ನಡೆದು ಹಸ್ತಪ್ರತಿಯನ್ನು ಅತಿಥಿಯ ಕೈಗೆ ಕೊಟ್ಟಳು. ಅವರು ಓದಿ, ಇದು ನಿಮ್ಮ ಅಕ್ಷರವೇ ಅಲ್ಲವೇ, ಎಲ್ಲಿಂದ ತೆಗೆದುಕೊಂಡಿರಿ ಎಂದು ಮೆಲ್ಲಗೆ ಕೇಳಿದರು.

“ನಮ್ಮಪ್ಪನ ಪುಸ್ತಕದಿಂದ ತಗೊಂಡಾರ್ರಿ,” ಎಂದಳು ಅವಳು. “ಪಂಕ್ಚರ್ ಹಚ್ಚತಿದ್ದ ಕರೀಮಸಾಬನ ಪುಸ್ತಕದಿಂದ. ಮೊದಲನೇದೂ ಅವರದ, ಎರಡನೇದೂ ಅವರದ. ಮೂರು ಸುಳ್ಳು ಅಷ್ಟ ನನ್ನವು.”

ಮಾಸ್ತರ ಆಗ ಅವಳ ಮುಖವನ್ನು ಸರಿಯಾಗಿ ನೋಡಿದ. ಐದು ವರ್ಷ ಅವಳು ಕಾದದ್ದು ಆ ನೋಟಕ್ಕೇ.

ಅತಿಥಿ ಪುಸ್ತಕವನ್ನು ಮೇಜಿನ ಮೇಲೆ ಬೋರಲು ಹಾಕಿ ಕೆಳಗಿಳಿದು ಹೋದರು. ಶಾಲೆಗಳು ಆ ಪುಸ್ತಕವನ್ನು ತರಿಸುವುದನ್ನು ನಿಲ್ಲಿಸಿದವು. ಅಚ್ಚಾದ ಪ್ರತಿಗಳೆಲ್ಲ ಉಳವಪ್ಪನ ಗೋದಾಮಿನಲ್ಲೇ ಉಳಿದವು. ಮಾರನೆಯ ದಿನ ಉಳವಪ್ಪ ಅವಳನ್ನು ಕರೆದು, ನಿನ್ನ ಅಪ್ಪನಿಗೆ ಅನ್ಯಾಯವಾದದ್ದು ಖರೆ, ಆದರೆ ನನ್ನ ಪ್ರೆಸ್ಸಿನ ಹೆಸರನ್ನೂ ಅದರೊಳಗೆ ಎಳೆದೆಯಲ್ಲವ್ವ, ಮೊದಲೇ ನನಗೆ ಹೇಳಬಹುದಿತ್ತು ಎಂದ. ಅವನ ಕಣ್ಣಲ್ಲಿ ಸಿಟ್ಟಿಗಿಂತ ನೋವೇ ಹೆಚ್ಚಿತ್ತು. ಆ ಕೆಲಸ ಹೋಯಿತು. ಮುಂದೆ ಬೆಟಗೇರಿಯ ಇನ್ನೊಂದು ಸಣ್ಣ ಪ್ರೆಸ್ಸಿಗೆ ಸೇರಿಕೊಂಡಳು. ಉಳವಪ್ಪನ ವಿಷಯಕ್ಕೆ ಮಾತ್ರ ಅವಳಿಗೆ ಕಸಿವಿಸಿ ಉಳಿಯಿತು. ಮಾಸ್ತರನ ವಿಷಯಕ್ಕೆ ಎಳ್ಳಷ್ಟೂ ಇಲ್ಲ. ಶಿರಹಟ್ಟಿಯಿಂದ ಯಾರು ಬಂದರೂ ಅವನ ಸುದ್ದಿ ಕೇಳುತ್ತಿದ್ದಳು. ಅವಧಿಗೆ ಮುಂಚೆಯೇ ನೌಕರಿ ಬಿಟ್ಟನಂತೆ. ಶಾಲೆಯ ಹುಡುಗರು ಮರೆಯಲ್ಲಿ ಕ್ಯಾಪ್ಟನ್ ಬುದೆಸಾ ಎನ್ನುತ್ತಾರಂತೆ. ಕಟ್ಟೆಯ ಮೇಲೆ ಕೂಡುವುದನ್ನೇ ಬಿಟ್ಟಿದ್ದಾನಂತೆ. ಪ್ರತಿಯೊಂದನ್ನೂ ಎರಡೆರಡು ಸಲ ಹೇಳಿಸಿ ಕೇಳುತ್ತಿದ್ದಳು.

೧೯೮೧ರಲ್ಲಿ ಒಂದು ಮಧ್ಯಾಹ್ನ ಮಾಸ್ತರನ ಹೆಂಡತಿ ಅನ್ನಪೂರ್ಣವ್ವ ಮನೆ ಹುಡುಕಿಕೊಂಡು ಬಂದಳು. ಗಂಡನಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿದೆ ಎಂದಳು. ಚೀಲದಿಂದ ಕರೀಮಸಾಬನ ಮೊದಲ ನೋಟ್ ಬುಕ್ಕನ್ನು ತೆಗೆದು ಮುಂದಿಟ್ಟಳು.

“ಇದನ್ನ ನಿನಗ ಮುಟ್ಟಿಸಂತ ಅವರ ಕಳಿಸ್ಯಾರ. ಇನ್ನರ ಸಮಾಧಾನ ಮಾಡ್ಕೊ ತಂಗಿ. ಕ್ಷಮಾ ಮಾಡೇನಿ ಅಂತ ಒಂದು ಮಾತು ಹೇಳಿದ್ರ, ಹೋಗಿ ಅವರಿಗೆ ತಿಳಸ್ತೀನಿ.”

ದಿಲಶಾದಬಿ ಚಹಾ ಮಾಡಿ ಕೊಟ್ಟಳು. ಬಸ್ಸಿನ ತನಕ ಜೊತೆಗೆ ಹೋಗಿ ಸೀಟು ಹಿಡಿದುಕೊಟ್ಟಳು. ಆ ಒಂದು ಮಾತನ್ನು ಹೇಳಲಿಲ್ಲ.

ಮನೆಗೆ ಬಂದು ನೋಟ್ ಬುಕ್ಕು ಬಿಚ್ಚಿದರೆ ಹಾಳೆಯ ತುಂಬ ಕೆಂಪು ಶಾಯಿ. ಅಪ್ಪನ ಒಂದೊಂದು ಸಾಲಿನ ಮೇಲೂ ಮಾಸ್ತರನ ಸಣ್ಣ ಅಕ್ಷರ. ಮೊದಲ ಹಾರಾಟದ ಬಗ್ಗೆ ಅಪ್ಪ, ವಿಮಾನ ಹನ್ನೆರಡು ಸೆಕೆಂಡು ಹಾರಿತು, ಎಲ್ಲರೂ ಖುಷಿಯಾದರು ಎಂದಷ್ಟೇ ಬರೆದಿದ್ದ. ಮಾಸ್ತರ ಅದನ್ನು ಹೊಡೆದುಹಾಕಿ ಬರೆದಿದ್ದ: ‘ಆ ಹನ್ನೆರಡು ಸೆಕೆಂಡು ಮನುಷ್ಯನ ನೆರಳು ಅವನ ಕಾಲು ಬಿಟ್ಟು ದೂರ ನಿಂತಿತು.’ ಮಾಸ್ತರನ ಹಸ್ತಪ್ರತಿಗೆ ಮೊಳೆ ಜೋಡಿಸುವಾಗ ಆ ಸಾಲಿಗೆ ಬಂದು ಅವಳ ಕೈ ನಿಂತಿತ್ತು. ಅಪ್ಪ ಎಷ್ಟು ಚಂದ ಬರೆದಿದ್ದಾನೆ ಎಂದು ಕಣ್ಣು ಒದ್ದೆ ಮಾಡಿಕೊಂಡಿದ್ದಳು. ಅದು ಅಪ್ಪನದಲ್ಲ. ಕೊನೆಯ ಹಾಳೆಯಲ್ಲಿ ಅದೇ ಕೆಂಪು ಶಾಯಿಯಲ್ಲಿ ‘ಮುನ್ನುಡಿಗೆ ಕರೀಮಸಾಬರ ಜೊತೆ ಒಂದು ದಿನ ಕೂಡಬೇಕು’ ಎಂದಿತ್ತು. ಮೇಲೆ ೧೯೭೧ರ ತಾರೀಖು.

ಎರಡು ದಿನ ಅವಳು ನೋಟ್ ಬುಕ್ಕು ಮುಟ್ಟಲಿಲ್ಲ. ಮನಸ್ಸು ಕರಗುತ್ತದೆಯೋ ಎಂದು ತನ್ನನ್ನು ತಾನೇ ನೋಡಿಕೊಂಡಳು. ಆ ಕಟ್ಟೆಯ ನಗು ಕಿವಿಯಲ್ಲಿ ಹಾಗೇ ಇತ್ತು. ಮನಸ್ಸು ಕರಗಲಿಲ್ಲ.

೧೯೮೩ರ ಡಿಸೆಂಬರ್ ಹದಿನೇಳಕ್ಕೆ, ಹಗಲು ಬೇರೆಯವರ ಕೆಲಸ ಮುಗಿಸಿ ಸಂಜೆಗಳಲ್ಲಿ ತಾನೇ ಮೊಳೆ ಜೋಡಿಸಿ, ‘ವಿಮಾನದ ಎಂಬತ್ತು ವರುಷ’ ಎಂಬ ಪುಸ್ತಕ ತಂದಳು. ಬರೆದವರು ಲಕ್ಷ್ಮೇಶ್ವರದ ಕರೀಮಸಾಬ. ಕೆಂಪು ಶಾಯಿಯ ಒಂದು ಮಾತನ್ನೂ ಬಿಡದೆ ಬಳಸಿದಳು. ದ್ಯಾಮಪ್ಪ ಮಾಸ್ತರನ ಹೆಸರನ್ನು ಎಲ್ಲಿಯೂ ಹಾಕಲಿಲ್ಲ.

ಮೊದಲ ಪ್ರತಿಯನ್ನು ಉಳವಪ್ಪನಿಗೆ ಕೊಟ್ಟು ಕಾಲು ಮುಟ್ಟಿದಳು. ಅವನು ಹಾಳೆ ತಿರುವಿ, ಅಚ್ಚು ಚೊಕ್ಕ ಬಂದಿದೆ ಎಂದ. ಎರಡನೆಯದನ್ನು ರಿಜಿಸ್ಟರ್ ಟಪಾಲಿನಲ್ಲಿ ಶಿರಹಟ್ಟಿಗೆ ಕಳಿಸಿದಳು. ಎಂಟು ದಿನಕ್ಕೆ ತಲುಪಿದ ರಸೀದಿ ಬಂತು. ಅದರ ಮೇಲೆ ಎಡಗೈಯಿಂದ ಹಾಕಿದಂಥ ಸೊಟ್ಟ ಸಹಿ. ಹೆಂಡತಿ ಹಾಕಿದ್ದಿರಬಹುದೇ ಎಂಬ ಸಂಶಯ ಬಂದು, ಕೆಂಪು ಶಾಯಿಯ ನೋಟ್ ಬುಕ್ಕನ್ನು ಪಕ್ಕಕ್ಕಿಟ್ಟುಕೊಂಡು ಒಂದೊಂದು ಅಕ್ಷರವನ್ನೂ ಹೋಲಿಸಿ ನೋಡಿದಳು. ಅವನದೇ.